ಬೀರುವಿನಲ್ಲಿ ಹರಿದಾಡಿದ ಹುಳ

ಕೆಂಪನಂಜಪ್ಪ ಹುಟ್ಟಿದ್ದು ಶಾಗ್ಯ ಎಂಬ ಹಳ್ಳಿಯಲ್ಲಿ, ಮುಕ್ಕಾಲು ಪಾಲು ರೇಷ್ಮೆ ಹುಳಕ್ಕೂ ಉಳಿದದ್ದು ಮನುಷ್ಯರಿಗೂ ಎಂದು ಭಾಗವಾಗಿದ್ದ ಮನೆಯಲ್ಲಿ. ಹುಳ ಪೊರೆ ಕಳಚುವ ಕೊನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿತೆಂದರೆ, ತಟ್ಟೆಗಳ ಕೆಳಗೆ ಮಲಗಿದವರಿಗೆ ಹೊರಗೆ ಮಳೆ ಹಿಡಿದ ಹಾಗೆ ಕೇಳುತ್ತದೆ. ಆ ಸದ್ದಿನಲ್ಲೇ ಬೆಳೆದವನಿಗೆ ಹುಳದ ಮೇಲೆ ಪ್ರೀತಿಯೂ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ಅಪ್ಪ ಸೊಪ್ಪು ಕೊಯ್ಯಲು ಕರೆದರೆ ಇವನು ಕರೆಂಟು ಕಂಬದ ಬುಡದಲ್ಲಿ ನಿಂತು, ಮೇಲೆ ಹತ್ತಿದ ಲೈನ್‌ಮ್ಯಾನ್ ಯಾವ ತಂತಿಯನ್ನು ಯಾವುದಕ್ಕೆ ಸುತ್ತುತ್ತಾನೆಂದು ಕತ್ತು ನೋಯುವ ತನಕ ನೋಡುತ್ತಿದ್ದ. "ಈ ಮುಂಡೇದು ಉಳ ಸಾಕಾಕಿಲ್ಲ, ಕಂಬ ಸಾಕ್ತದೆ" ಎಂದು ಬೈದು ಬೈದು ಸಾಕಾದ ಅಪ್ಪ, ಎಂಬತ್ತರ ದಶಕದ ನಡುವೆ ಒಂದು ದಿನ ಅವನನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ವೈರಿಂಗ್ ಮೇಸ್ತ್ರಿ ಮಾದಣ್ಣನ ಕೈಗೆ ಒಪ್ಪಿಸಿ ಬಂದ.

ಮಾದಣ್ಣ ಮಾತು ಕಡಿಮೆಯ ಮನುಷ್ಯ. ಕೆಲಸದ ಹೊತ್ತಿನಲ್ಲಿ ಬಾಯಿ ಓಡಿದರೆ ಕೈ ತಪ್ಪುತ್ತದೆ ಎಂಬುದು ಅವನ ಲೆಕ್ಕ. ಆ ಮೌನ ಶಿಷ್ಯನಿಗೂ ಅಂಟಿಕೊಂಡಿತು. ಮೇಸ್ತ್ರಿ ಬಾಯಿಬಿಟ್ಟು ಹೇಳಿಕೊಟ್ಟದ್ದೆಂದರೆ ಮುಖ್ಯವಾಗಿ ಒಂದು: ಪೆಟ್ಟಿಗೆ ಯಾವುದೇ ಇರಲಿ, ಅದನ್ನು ಗೋಡೆಗೆ ಕೂರಿಸುವ ಮೊದಲು ನೆಲದ ಕೆಲಸ ಮುಗಿದಿರಬೇಕು. ಯಂತ್ರದ ಮೈಗೆ ದಾರಿ ತಪ್ಪಿ ಬಂದ ಕರೆಂಟು ಮನುಷ್ಯನನ್ನು ಹುಡುಕಿಕೊಂಡು ಹೋಗಬಾರದು, ಸೀದಾ ಮಣ್ಣಿಗೆ ಇಳಿಯಬೇಕು. ಅದಕ್ಕೆ ಆಳದ ಗುಂಡಿ ತೋಡಿ, ತಳದಲ್ಲಿ ತಾಮ್ರದ ತಗಡು ನಿಲ್ಲಿಸಿ, ಸುತ್ತ ಇದ್ದಲು ಮತ್ತು ಉಪ್ಪು ತುಂಬಿ, ತಗಡಿಗೆ ಬಿಗಿದ ತಂತಿಯನ್ನು ಮೇಲಕ್ಕೆ ತಂದು ಯಂತ್ರದ ಮೈಗೆ ಕಟ್ಟಬೇಕು. ಮಣ್ಣು ಒಣಗದಂತೆ ನೀರು ಹೊಯ್ಯಲು ಒಂದು ಕೊಳವೆ ಇರಬೇಕು. ಇದಕ್ಕೆ ಅರ್ತಿಂಗ್ ಎಂದು ಹೆಸರು.

ಮಾದಣ್ಣ ತೀರಿಹೋದ ಮೇಲೆ ಕೆಂಪನಂಜಪ್ಪ ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ತನ್ನದೇ ಮಳಿಗೆ ಹಿಡಿದ. ಬಂಡಳ್ಳಿಯ ಶಿವಮ್ಮನನ್ನು ಮದುವೆಯಾದ. ಅಕ್ಕಿ ಗಿರಣಿಗಳಿಗೆ ಇಂಟರ್‌ಕಾಮ್ ಹಾಕಿದ, ಹನೂರಿನ ಗೊಬ್ಬರದ ಅಂಗಡಿಗೆ ಮೊದಲ ಕಂಪ್ಯೂಟರಿನ ವೈರಿಂಗ್ ಮಾಡಿದ. ಆಮೇಲೆ ಒಂದು ಕಂಪ್ಯೂಟರನ್ನು ಇನ್ನೊಂದಕ್ಕೆ ನೀಲಿ ಕೇಬಲ್ಲಿನಿಂದ ಜೋಡಿಸುವ ಕಾಲ ಬಂತು. ಎಲ್ಲ ಕೇಬಲ್ಲುಗಳೂ ಬಂದು ಸೇರುವ, ಹಸಿರು ದೀಪ ಮಿಟುಕಿಸುವ ಹಬ್ ಎಂಬ ಪೆಟ್ಟಿಗೆಯನ್ನು ಈ ಕಡೆಯ ವ್ಯಾಪಾರದ ಮನೆಗಳಿಗೆ ಕೂರಿಸಿದವನು ಹೆಚ್ಚುಕಡಿಮೆ ಅವನೊಬ್ಬನೇ.

ಹೀಗಿರುವಾಗ, ಎರಡು ಸಾವಿರದ ಎರಡನೇ ಇಸವಿಯಲ್ಲಿ, ಮಳೆಗಾಲ ಕಳೆದ ಮೇಲೆ ಯಳಂದೂರಿನ ಪುಟ್ಟಬಸಪ್ಪ ಹೇಳಿಕಳಿಸಿದ. ಪುಟ್ಟಬಸಪ್ಪನದು ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ಮುಂದೆ ಆಫೀಸು, ಹಿಂದೆ ಕುದಿನೀರಿನ ತೊಟ್ಟಿಗಳು, ಅದರಾಚೆ ಮನೆ. ಆಫೀಸಿನ ಮೂರು ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಬೇಕಾಗಿತ್ತು. ಹಬ್, ಯುಪಿಎಸ್ ಎಲ್ಲವನ್ನೂ ಒಂದು ಕಬ್ಬಿಣದ ಬೀರುವಿನಲ್ಲಿ ಕೂರಿಸಲು ಅವನು ತೋರಿಸಿದ ಕೋಣೆ ಚಿಕ್ಕದು, ಕಿಟಕಿಯಿಲ್ಲದ್ದು, ಗೋಡೆಯೆಲ್ಲ ಕಪ್ಪು.

"ಇದ್ಯಾವ ಕ್ವಾಣೆ ಸಾ?" ಎಂದ ಕೆಂಪನಂಜಪ್ಪ.

"ನಮ್ಮಪ್ಪನ ಕಾಲ್ದಲ್ಲಿ ಗೂಡಿಗೆ ಆವಿ ಕೊಡ್ತಿದ್ದಿದ್ದು ಇಲ್ಲೇ ಕಣಪ್ಪ" ಎಂದ ಪುಟ್ಟಬಸಪ್ಪ.

ಗೂಡಿಗೆ ಆವಿ ಕೊಡುವುದೆಂದರೆ ಒಳಗಿನ ಹುಳವನ್ನು ಕೊಲ್ಲುವುದು. ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಬಿಟ್ಟರೆ ನೂಲು ಹರಿಯುತ್ತದಲ್ಲ, ಅದಕ್ಕೆ. ಆ ಕೋಣೆಯಲ್ಲಿ ಎಷ್ಟು ಹುಳ ಸತ್ತಿದ್ದವೋ ಲೆಕ್ಕ ಇಟ್ಟವರಿಲ್ಲ. ವಾಸನೆ ಮಾತ್ರ ಗೋಡೆಯಲ್ಲಿ ಉಳಿದಿತ್ತು. ಕೆಂಪನಂಜಪ್ಪನಿಗೆ ಅದು ಮನೆಯ ವಾಸನೆಯೇ. ಅವನು ಯೋಚಿಸಲಿಲ್ಲ.

ಬಿಸಿಲು ಇಳಿದ ಮೇಲೆ ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿದ. ಅಭ್ಯಾಸದಂತೆ ಯಾರೊಂದಿಗೂ ಮಾತಾಡದೆ ಒಳಕ್ಕಿಳಿದು, ತಾಮ್ರದ ತಗಡನ್ನು ನಿಲ್ಲಿಸಿ, ಬೊಗಸೆ ಬೊಗಸೆಯಾಗಿ ಇದ್ದಲು ಸುರಿದು, ಅದರ ಮೇಲೆ ಉಪ್ಪು ಹರಡಿ, ಮಣ್ಣು ಮುಚ್ಚಿ ಮೆಟ್ಟಿದ. ತಲೆ ಎತ್ತಿದಾಗ ಹಿತ್ತಲ ಬಾಗಿಲಲ್ಲಿ ಪುಟ್ಟಬಸಪ್ಪನ ತಾಯಿ ಚಿಕ್ಕನಿಂಗಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾವೂರಪ್ಪ ನಿಂದು?" ಎಂದು ಕೇಳಿದಳು.

"ಕೊಳ್ಳೇಗಾಲ ಕಣವ್ವ."

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೊಳವೆಗೆ ದಿನಾ ಒಂದು ಕೊಡ ನೀರು ಹೊಯ್ಯಲು ಅವಳ ಮಗನಿಗೆ ಹೇಳಿ, ಕಂಪ್ಯೂಟರ್ ಕೋಣೆಗೆ ದೂಳು ಬಿಡಬೇಡಿ ಎಂದೂ ಹೇಳಿ, ಕೆಂಪನಂಜಪ್ಪ ಬಸ್ಸು ಹಿಡಿದ.

ಮುಂದಿನ ಬೇಸಗೆಯಲ್ಲಿ ಪುಟ್ಟಬಸಪ್ಪನಿಂದ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ನಂಜಪ್ಪ, ನಿನ್ ಬೀರು ಸರೀಗಿಲ್ಲ ಕಣಪ್ಪ. ಬಂದು ನೋಡು."

"ಏನಾಗದೆ ಸಾ? ಲೈಟ್ ಕೆಂಪಾಗದಾ?"

"ಲೈಟೆಲ್ಲ ಸರೀಗವೆ. ಮುಟ್ಟುದ್ರೆ..." ಎಂದು ನಿಂತ. "ಮುಟ್ಟುದ್ರೆ ಉಳ ಹರ್ದಂಗಾಯ್ತದಂತೆ. ನಂಗೂ ಅಂಗೇ ಆಯ್ತು. ಆಳ್ಗಳು ಆ ಕ್ವಾಣೆ ತಾವ ಸುಳೀತಿಲ್ಲ."

ಕೆಂಪನಂಜಪ್ಪ ಮರುದಿನವೇ ಹೋದ. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ದೀಪ ಎಂಬ ಹುಡುಗಿ ಒಬ್ಬಳೇ ಕುಳಿತಿದ್ದಳು. ಯಳಂದೂರಿನವಳೇ, ಇಪ್ಪತ್ತು ದಾಟಿದ ಹುಡುಗಿ. ಬಾಯಿ ಜೋರು. ಆದರೆ ಅವತ್ತು ಬಲಗೈಯನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಲೇ ಮಾತಾಡಿದಳು.

"ಮೊದ್ಲು ಮರಿ ಉಳ ಹರ್ದಂಗೆ ಅಣ್ಣ. ಇಂಗೆ, ಬೆರಳ ತುದೀಲಿ. ಆಮ್ಯಾಕೆ ಹಣ್ಣಾದ ಉಳ ಹರ್ದಂಗೆ, ಅಂಗೈ ತುಂಬ. ಮೊನ್ನೆಯಿಂದ ಉಳ ಅಲ್ಲ."

"ಮತ್ತೇನು?"

"ಇಡ್ಕತದೆ. ಕೈ ಕಿತ್ಕಬೇಕು."

"ಮತ್ಯಾಕವ್ವ ಮುಟ್ದೆ?"

"ನಾನ್ ಮುಟ್ದೆ ಇನ್ಯಾರ್ ಮುಟ್ಟಾರು? ಹಬ್ ನಿಂತೋದ್ರೆ ಆಫ್ ಮಾಡಿ ಆನ್ ಮಾಡು ಅಂತ ನೀವೇ ಏಳ್ಕೊಟ್ಟಿದ್ದು. ಈ ಸೆಕೇಲಿ ದಿನಕ್ಕೆ ನಾಕ್ ಸಲ ನಿಂತೋಯ್ತದೆ." ಸ್ವಲ್ಪ ನಕ್ಕು ಸೇರಿಸಿದಳು: "ನಮ್ಮವ್ವ ಕೆಲ್ಸ ಬಿಟ್ಬುಡು ಅಂತಾಳೆ. ನೀವ್ ಸರಿ ಮಾಡಕಾಗಲ್ಲ ಅಂದ್ರೆ ಬಿಟ್ಬುಡ್ತೀನಿ."

ಹಾಗೆನ್ನುತ್ತಲೇ ಎದ್ದು, ಹೊರಗಿನ ನಲ್ಲಿಯ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಮೊಣಕಾಲ ತನಕ ಕಾಲು ತೊಳೆದು, ತೊಟ್ಟಿಕ್ಕುವ ಕಾಲಲ್ಲೇ ಕೋಣೆಯ ಕಡೆ ನಡೆದಳು. ಕೆಂಪನಂಜಪ್ಪ ಅವಳ ಹಿಂದಿನ ಒದ್ದೆ ಹೆಜ್ಜೆಗಳನ್ನು ನೋಡಿದ.

"ನಿಂತ್ಕಳವ್ವ. ಕಾಲ್ಯಾಕೆ ತೊಳ್ದೆ?"

"ದೂಳ್ ಬುಡಬ್ಯಾಡಿ ಅಂದಿದ್ರಂತಲ್ಲ. ಉಳುದ್ ಮನೆಗೋಗುವಂಗೆ ಓಗ್ಬೇಕು ಅಂತ ಯಜಮಾನ್ರ ತಾಯಿ, ಅಮ್ಮೋರು ಏಳವ್ರೆ."

ಹುಳ ಸಾಕುವ ಮನೆಗೆ ಕಾಲು ತೊಳೆಯದೆ ಯಾರೂ ಹೋಗುವುದಿಲ್ಲ. ಹೊರಗಿನ ಕೊಳೆ ತಗುಲಿದರೆ ಹುಳ ಸಾಯುತ್ತದೆ. ಶಾಗ್ಯದಲ್ಲಿ ಅವನ ತಾಯಿಯೂ ಹೀಗೆಯೇ ಹೋಗುತ್ತಿದ್ದಳು. ದೂಳು ಬಿಡಬೇಡಿ ಎಂಬ ಮಾತನ್ನು ಈ ಮನೆಯವರು ತಿಳಿಯಬಹುದಾಗಿದ್ದು ಈ ಒಂದೇ ರೀತಿಯಲ್ಲಿ. ಹೇಳಿದವನಿಗೆ ಅದು ಹೊಳೆದಿರಲಿಲ್ಲ. ಬರಿಗಾಲು, ಒದ್ದೆ ನೆಲ, ಕಬ್ಬಿಣದ ಬೀರು. ದೀಪ ಇಷ್ಟು ದಿನ ಬದುಕಿ ಉಳಿದದ್ದೇ ಹೆಚ್ಚು ಎನ್ನಿಸಿತು ಅವನಿಗೆ.

ಅವಳನ್ನು ಹೊರಗೇ ಕೂರಿಸಿ ತಾನು ರಬ್ಬರ್ ಚಪ್ಪಲಿ ಮೆಟ್ಟಿ ಒಳಗೆ ಹೋದ. ಕೋಣೆಯಲ್ಲಿ ಕತ್ತಲೆ. ತೊಟ್ಟಿಗಳ ಆವಿ ಬಡಿದು ಬಡಿದು ಹಿಂದಿನ ಗೋಡೆ ಬೆವರಿತ್ತು. ಬೀರುವಿನ ಜಾಲರಿಯಲ್ಲಿ ಹಸಿರು ದೀಪಗಳು ಮಿಟುಕುತ್ತಿದ್ದವು. ಯುಪಿಎಸ್ಸಿನ ಸದ್ದು ಕಿವಿಗೆ ಬಿದ್ದಾಗ ಅವನು ನಿಂತಲ್ಲೇ ನಿಂತ. ಸೊರ್ರೆನ್ನುವ, ಒಂದೇ ಸಮನೆಯ, ಮಳೆಯಂಥ ಸದ್ದು. ಕೊನೇ ಜ್ವರದಿಂದ ಎದ್ದ ಹುಳ ಸೊಪ್ಪು ತಿನ್ನುವ ಸದ್ದೇ. ತಾನೇ ಕೂರಿಸಿದ ಯಂತ್ರ, ತನಗೆ ಗೊತ್ತಿರುವ ಸದ್ದು ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಕೇಳಿತು, ಮೈ ಕೇಳಲಿಲ್ಲ. ಬೆರಳ ಹಿಂಬದಿಯಿಂದ ಬೀರುವನ್ನು ಸವರಿದ. ಚಪ್ಪಲಿಯಿದ್ದರೂ ಹರಿದವು, ಸಣ್ಣ ಸಣ್ಣ ಕಾಲುಗಳು, ಸಾಲಾಗಿ.

ಕೈ ಹಿಂದೆಗೆದು, ಒಣ ಬಟ್ಟೆ ಸುತ್ತಿಕೊಂಡು ಬೀರುವಿನ ಬಾಗಿಲು ಅರ್ಧ ತೆಗೆದು, ಟಾರ್ಚು ಬಿಟ್ಟು ಒಳಗೆ ನೋಡಿದ. ಸೆಕೆಗೆಂದು ಪುಟ್ಟಬಸಪ್ಪ ತಾನೇ ಒಂದು ಫ್ಯಾನು ತಂದು ಬೀರುವಿಗೆ ಸಿಕ್ಕಿಸಿದ್ದ. ಅದರ ವೈರು ಬಾಗಿಲಿನ ಸಂದಿಯಲ್ಲಿ ಹಾದಿತ್ತು. ಬಾಗಿಲು ತೆಗೆದು ಹಾಕುವಾಗಲೆಲ್ಲ ಕಬ್ಬಿಣದ ಅಂಚು ವೈರಿನ ತೊಗಟೆ ಕೆರೆದು ಕೆರೆದು, ಒಳಗಿನ ತಾಮ್ರ ಮಿಣಕ್ಕೆನ್ನುತ್ತಿತ್ತು. ಇನ್ನೊಂದು ಸಲ ಬಾಗಿಲು ಹಾಕಿದರೆ ಬೀರುವಿನ ಮೈಗೆಲ್ಲ ಕರೆಂಟು. ಮೇನ್ ಸ್ವಿಚ್ಚು ಇಳಿಸಿದ, ಸೆಕೆಗೆ ಬ್ಯಾಟರಿ ಸತ್ತಿದ್ದ ಯುಪಿಎಸ್ಸೂ ಆರಿತು. ಮಳೆ ನಿಂತಿತು.

ಆದರೆ ಒಂದು ಬಗೆಹರಿಯಲಿಲ್ಲ. ಅರ್ತಿಂಗ್ ಸರಿಯಿದ್ದರೆ ಹುಳ ಹರಿಯುವ ಮಾತೇ ಇಲ್ಲ, ಎಲ್ಲ ಮಣ್ಣಿಗೆ ಇಳಿದುಹೋಗಬೇಕು. ಹೊರಗೆ ಬಂದು ಪುಟ್ಟಬಸಪ್ಪನಿಗೆ, "ಸಾ, ಮೇನ್ ಇಳ್ಸಿವ್ನಿ. ನಾನ್ ಏಳೋಗಂಟ ಯಾರೂ ಆಕಬ್ಯಾಡಿ" ಎಂದು ಹೇಳಿ ಹಿತ್ತಲಿಗೆ ಹೋದ.

ಕೊಳವೆ ಅಲ್ಲೇ ನಿಂತಿತ್ತು. ಸುತ್ತಲಿನ ಮಣ್ಣು ಒದ್ದೆಯಾಗಿತ್ತು. ನೀರು ತಪ್ಪಿಸಿದವರಿಲ್ಲ. ತುಸು ಸಮಾಧಾನದಿಂದ ಕೊಳವೆ ಹಿಡಿದು ಅಲುಗಿಸಿದ. ಅದು ಮೂಲಂಗಿಯ ಹಾಗೆ ಕೈಗೆ ಕಿತ್ತು ಬಂತು. ಕೆಳಗೆ ತಂತಿಯಿರಲಿಲ್ಲ. ಮಣ್ಣು ಕೆದಕಿದ. ಸಡಿಲ ಮಣ್ಣು, ಒಮ್ಮೆ ಅಗೆದು ಮುಚ್ಚಿದ್ದು. ತಗಡು ಇರಬೇಕಾದ ಕಡೆ ಅರಿಶಿನ ಬೆರೆತ ಕೆಸರು, ಕೆಂಪು ದಾರದ ಉಂಡೆ, ಸೂಜಿ ಚುಚ್ಚಿದ ನಿಂಬೆಹಣ್ಣುಗಳು, ಒಣಗಿ ಕಪ್ಪಾಗಿ ಕಣ್ಣುಗುಡ್ಡೆಯ ಹಾಗೆ ಅವನನ್ನೇ ನೋಡುತ್ತಿದ್ದವು.

ಎಷ್ಟು ಗುಂಡಿ ತೋಡಿದ್ದನೋ ಬದುಕಿನಲ್ಲಿ. ಒಳಗೆ ಕೈ ಹಾಕಲು ಹೆದರಿದ್ದು ಅವತ್ತು. ಕೋಲಿನಿಂದ ಮಣ್ಣೆಳೆದು ಮುಚ್ಚಿದ.

ಚಿಕ್ಕನಿಂಗಮ್ಮ ಬಾವಿಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ನೋಡಿದ್ದಳು. ಕೆಂಪನಂಜಪ್ಪ ಹೋಗಿ ಅವಳ ಎದುರು ನೆಲದ ಮೇಲೆ ಕುಳಿತ.

"ಅವ್ವ, ತಗಡು ಎಲ್ಲೋಯ್ತು?"

"ನೀನ್ಯಾಕೆ ಕೇಳೀಯೆ? ಊತಾಕ್ದೋನು ನೀನು, ನಿಂಗೆ ಗೊತ್ತಿರ್ಬೇಕು."

"ನಾನ್ ಊತಾಕಿದ್ದು ಬೀರಿಗೆ ಕಣವ್ವ."

"ಕೊಳ್ಳೇಗಾಲದೋನು ಒತ್ತು ಮುಳುಗೋ ಗಳ್ಗೇಲಿ, ಬಾಯ್ ಬುಡ್ದೆ, ತಾಮ್ರದ ತಗಡು, ಇದ್ಲು, ಉಪ್ಪು ಊತಾಕ್ತಾನೆ. ಅದೇನು ಅಂತ ನಂಗೆ ಯಾರೂ ಏಳ್ಕೊಡ್ಬೇಕಿಲ್ಲ" ಎಂದಳು ಮುದುಕಿ. ಅವರೆಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ. "ನೀನ್ ಓಗಿ ತಿಂಗ್ಳಾಗಿಲ್ಲ, ನನ್ ಮಗ ಮಲಗ್ಬುಟ್ಟ. ಏನ್ ಜರ ಅಂತ ಮೈಸೂರ್ನೋರ್ಗೂ ಗೊತ್ತಾಗ್ನಿಲ್ಲ. ಆಸ್ಪತ್ರೇಲಿ ಮಗ ಕಣ್ ಮುಚ್ಕಂಡವ್ನೆ, ನಾನಿಲ್ಲಿ ಅಗೆಸ್ದೆ. ತಗಡ ಕೆಂಪ್ ಬಟ್ಟೇಲಿ ಕಟ್ಟಿ ಸುವರ್ಣಾವತಿ ಒಳೆಗೆ ಬುಟ್ಟೆ. ಅವತ್ತೇ ನನ್ ಮಗ ಎದ್ದು ಗಂಜಿ ಕುಡ್ದ ಕಣಪ್ಪ. ಅವತ್ತೇ."

"ಅವ್ರಿಗೆ ಗೊತ್ತಾ?"

"ಯಾರ್ಗೂ ಗೊತ್ತಿಲ್ಲ. ನೀನ್ ಏಳ್ಕೂಡ್ದು. ಇನ್ನೊಂದ್ಸಲ ಆ ತಗಡು ಈ ನೆಲಕ್ಕೆ ಬುದ್ರೆ ನನ್ ಮಗ ಉಳಿಯಾಕಿಲ್ಲ."

ಕೆಂಪನಂಜಪ್ಪ ಕೈಗೆ ಅಂಟಿದ ಮಣ್ಣು ಒರೆಸಿಕೊಂಡ. ಮಾಟವಲ್ಲವೆಂದು ಹೇಳಬಹುದಿತ್ತು, ಮಗನ ಗಂಜಿಯ ಎದುರು ಆ ಮಾತು ನಿಲ್ಲುತ್ತದೆಂದು ಅವನಿಗೆ ಅನ್ನಿಸಲಿಲ್ಲ. ಕೊನೆಗೆ, "ಅದ್ಸರಿ ಅವ್ವ. ದೀಪನ್ ಕೈ ಮ್ಯಾಲೆ ಹರೀತವಲ್ಲ, ಅವು ಎತ್ಲಾಗ್ ಓಗ್ಬೇಕು? ದಾರಿ ಮುಚ್ಚೋಗದೆ. ಆ ಉಡುಗಿ ಮೈಯೇ ದಾರಿ ಈಗ" ಎಂದ.

ಮುದುಕಿಯ ಕೈ ನಿಂತಿತು.

"ಅವು ನನ್ ಕೈಯಾಗೇ ಸತ್ತೋವು ಕಣಪ್ಪ" ಎಂದಳು ಮೆಲ್ಲಗೆ. "ಮದ್ವೆಯಾಗಿ ಬಂದ ವರ್ಸದಿಂದ ಆ ಕ್ವಾಣೇಲಿ ಆವಿ ಕೊಡೋಳು ನಾನೇ. ಬಾಗ್ಲಾಕುದ್ರೆ ಒಳಗೆ ಸಣ್ಕೆ ಒದ್ದಾಡೋದು ಕೇಳ್ತಿತ್ತು. ಮೊದ್ಮೊದ್ಲು ಊಟ ಸೇರ್ತಿರ್ನಿಲ್ಲ. ಆಮ್ಯಾಕೆ ರೂಢಿಯಾಗೋಯ್ತು." ತಲೆ ವಾರೆ ಮಾಡಿ ಕಿವಿಗೊಟ್ಟಳು. "ಈಗ್ ಕೇಳು. ತಿನ್ನಾಕೆ ಸುರು ಮಾಡುದ್ವು."

ಕೆಂಪನಂಜಪ್ಪ ಕೇಳಿದ. ಗೋಡೆಯಾಚೆಯಿಂದ ಮಳೆಯ ಸದ್ದು ಬರುತ್ತಿತ್ತು. ಮೇನ್ ತಾನೇ ಇಳಿಸಿ ಬಂದಿದ್ದ. ಆಮೇಲೆ ತಿಳಿಯಿತು, ಯಾರೋ ಮೇನ್ ಹಾಕಿದ್ದರು. ಗೂಡಿನ ವ್ಯಾಪಾರಿ ಬಂದು ಕುಳಿತಿದ್ದನಂತೆ, ಒಂದೇ ಒಂದು ಬಿಲ್ಲು ಎಂದು ಪುಟ್ಟಬಸಪ್ಪ ಸ್ವಿಚ್ಚು ಎತ್ತಿದ್ದ. ನಲ್ಲಿಯ ಹತ್ತಿರ ದೀಪಳ ಚಪ್ಪಲಿಗಳಿದ್ದವು. ಅಲ್ಲಿಂದ ಒದ್ದೆ ಹೆಜ್ಜೆಗಳು ಹೊಸದಾಗಿ ಒಳಗೆ ಹೋಗಿದ್ದವು.

ಅವನು ಏಳುವ ಮೊದಲೇ ಮುದುಕಿ ಎದ್ದಿದ್ದಳು. ಅವರೆಕಾಯಿ ಚೆಲ್ಲಾಪಿಲ್ಲಿಯಾಯಿತು. ಆ ವಯಸ್ಸಿನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ದೀಪಾ, ಮುಟ್ಬ್ಯಾಡ ಕಣವ್ವ. ತಗಡು ನಾನೇ ತೆಗೆಸ್ಬುಟ್ಟಿವ್ನಿ. ಮುಟ್ಬ್ಯಾಡ."

ಇಬ್ಬರೂ ಕೋಣೆಯ ಬಾಗಿಲಿಗೆ ಬಂದಾಗ ದೀಪ ಬೀರುವಿನ ಮುಂದೆ, ಚಾಚಿದ ಕೈ ಚಾಚಿದಂತೆಯೇ ನಿಂತಿದ್ದಳು. ಕೈಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಕೆಂಪನಂಜಪ್ಪ ಅರ್ಧ ತೆಗೆದಿಟ್ಟು ಹೋಗಿದ್ದ ಬೀರುವಿನ ಬಾಗಿಲು ಫ್ಯಾನಿನ ನಡುಕಕ್ಕೆ ತಾನಾಗಿಯೇ ಮೆಲ್ಲಗೆ ತಿರುಗುತ್ತಿತ್ತು, ಒಳಗಿನಿಂದ ಯಾರೋ ಎಳೆದುಕೊಳ್ಳುವ ಹಾಗೆ. ಮುಚ್ಚಿಕೊಂಡಿತು. ಚಟ್ಟೆಂದು ನೀಲಿ ಕಿಡಿ ಹಾರಿತು. ಬೀರುವಿನ ಮೇಲೆ ಮುಂಗಾಲಿಟ್ಟು, ಬೆವರಿದ ಗೋಡೆಯಲ್ಲಿ ಹಿಂಗಾಲಿಟ್ಟಿದ್ದ ಹಲ್ಲಿಯೊಂದು ಸೆಟೆದು ದೀಪಳ ಕಾಲ ಬಳಿ ಬಿತ್ತು. ಮತ್ತೆ ಅಲುಗಲಿಲ್ಲ.

ದೀಪ ಹಲ್ಲಿಯನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದು ಮುದುಕಿಯ ಸೆರಗು ಹಿಡಿದುಕೊಂಡಳು.

ಕೆಂಪನಂಜಪ್ಪ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಪುಟ್ಟಬಸಪ್ಪ ಓಡಿ ಬಂದ. "ಏನ್ ತಗಡು ಅವ್ವ?" ಎಂದು ತಾಯಿಯನ್ನು ಕೇಳಿದ. ಅವಳು ವ್ಯಾಪಾರಿಯ ಎದುರಿಗೇ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ಮಗನ ಹಣೆಗೆ ಕೈಯಿಟ್ಟು ಬಿಸಿಯಿದೆಯೇ ಎಂದು ನೋಡಿದಳು. ಮಗ ಆ ಕೈಯನ್ನು ತಳ್ಳಲಿಲ್ಲ. ಬೈಯಲೂ ಇಲ್ಲ.

"ಈಗೇನ್ಲಾ ಮಾಡೋದು ನಂಜಪ್ಪ? ತಗಡು ಬ್ಯಾಡ ಅಂತಾಳೆ. ತಗಡಿಲ್ದಿದ್ರೆ ಈ ಉಡುಗಿ ಗತಿ?"

"ತಾಮ್ರ ಬ್ಯಾಡ" ಎಂದ ಕೆಂಪನಂಜಪ್ಪ. "ಕಬ್ಬಿಣದ ಪೈಪೂ ಆಯ್ತದೆ ಸಾ. ಉದ್ದಕೆ ಆಳ್ದಲ್ಲಿ ನಿಲ್ಲಿಸ್ಬೇಕು, ಅಷ್ಟೇಯ."

ಮುದುಕಿ ತಲೆ ಎತ್ತಿದಳು. "ಕಬ್ಬಿಣವಾ?"

"ಊ ಕಣವ್ವ. ಬರೀ ಕಬ್ಬಿಣ."

ಕಬ್ಬಿಣವೆಂದರೆ ಬೇರೆ, ಅದಿದ್ದ ಕಡೆ ಗಾಳಿ ಗ್ರಹ ಸುಳಿಯವು. ಬಾಣಂತಿಯ ತಲೆದೆಸೆಗೆ ಕುಡುಗೋಲು ಇಡುವುದು ಯಾತಕ್ಕೆಂದು ಆ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಚಿಕ್ಕನಿಂಗಮ್ಮ, "ಬಿಸ್ಲಲ್ಲಿ ಮಾಡು. ಬಾಯ್ ಬುಟ್ಕಂಡು ಮಾಡು. ಏನಾಕ್ತೀಯೋ ಏಳ್ಕಂಡೇ ಆಕು" ಎಂದಳು.

ಮರುದಿನ ನೆತ್ತಿಯ ಬಿಸಿಲಿನಲ್ಲಿ, ಆಳುಗಳೆಲ್ಲ ಸುತ್ತ ನಿಂತಿರಲು, ಕೆಂಪನಂಜಪ್ಪ ಬೇರೊಂದು ಕಡೆ ಗುಂಡಿ ತೋಡಿದ. ಹಳೆಯದರ ಹತ್ತಿರ ಅವನೂ ಹೋಗಲಿಲ್ಲ. ಮಾದಣ್ಣನ ಶಿಷ್ಯನಿಗೆ ಕೆಲಸ ಮಾಡುತ್ತ ಮಾತಾಡುವುದು ನಾಚಿಕೆಯೇ. ಆದರೂ ಗಂಟಲು ಸರಿಮಾಡಿಕೊಂಡು, "ಇದು ಕಬ್ಬಿಣದ ಪೈಪು. ಇದು ಇದ್ಲು, ತಂಪು ಇಡ್ಕಳಾಕೆ. ಇದು ಉಪ್ಪು" ಎಂದು ಸಾರುತ್ತಾ ಹೋದ. "ನಾಟ್ಕದಲ್ಲಿ ಪಾರ್ಟ್ ಮಾಡ್ತಿದ್ಯಾ ಮೇಸ್ತ್ರಿ?" ಎಂದು ಒಬ್ಬ ಆಳು ಕಿಚಾಯಿಸಿದ. ಯಾರೂ ನಗಲಿಲ್ಲ. ಉಪ್ಪಿನ ಸರದಿ ಬಂದಾಗ ಚಿಕ್ಕನಿಂಗಮ್ಮ ಕೈ ಒಡ್ಡಿದಳು. ತಾನೇ ಹಾಕಿದಳು, ತುಟಿ ಅಲ್ಲಾಡಿಸುತ್ತಾ. ಏನು ಹೇಳಿಕೊಂಡಳೋ, ಯಾರಿಗೆ ಹೇಳಿದಳೋ, ಕೆಂಪನಂಜಪ್ಪ ಕೇಳಿಸಿಕೊಳ್ಳದವನಂತೆ ಮಣ್ಣು ಎಳೆದ.

ಫ್ಯಾನಿನ ವೈರು ಬದಲಾಯಿತು. ಬೀರುವಿನ ಮುಂದೆ ದಪ್ಪ ರಬ್ಬರ್ ಚಾಪೆ ಬಂತು. ಕಾಲು ತೊಳೆದವರು ಒರೆಸಿಕೊಂಡು, ಒಳಗಿನದೇ ಒಣ ಚಪ್ಪಲಿ ಮೆಟ್ಟಿ ಹೋಗಬೇಕೆಂದು ಕಟ್ಟುಪಾಡಾಯಿತು. ಕೆಂಪನಂಜಪ್ಪ ಒಂದು ಬಲ್ಬಿನ ಒಂದು ವೈರನ್ನು ಕರೆಂಟಿಗೂ ಇನ್ನೊಂದನ್ನು ನೆಲದ ತಂತಿಗೂ ಹಿಡಿದ. ಬಲ್ಬು ಪೂರಾ ಹತ್ತಿತು. ದಾರಿ ತೆರೆದಿತ್ತು. ಅವನೇ ಮೊದಲು ಬೀರುವಿನ ಮೇಲೆ ಅಂಗೈ ಊರಿದ. ಏನೂ ಹರಿಯಲಿಲ್ಲ. ತಣ್ಣಗಿನ ಕಬ್ಬಿಣ.

ದೀಪ ಮಾತ್ರ ಮೆಟ್ಟಿಲ ಮೇಲೆ ಕುಳಿತೇ ಇದ್ದಳು. ಯಾರೂ ಅವಳನ್ನು ಒಳಗೆ ಹೋಗೆನ್ನಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿದ್ದರೂ ಕೆಂಪನಂಜಪ್ಪ ಸಾಮಾನು ಕಟ್ಟುತ್ತ, ಬಿಚ್ಚುತ್ತ ಅಲ್ಲೇ ಸುಳಿದಾಡಿದ.

ಚಿಕ್ಕನಿಂಗಮ್ಮ ಕೊಡ ಎತ್ತಿ ಹೊಸ ಕೊಳವೆಗೆ ನೀರು ಹೊಯ್ದಳು. ನೀರು ಕೆಳಗಿಳಿದು ಹೋಯಿತು. ಮುದುಕಿ ಬಗ್ಗಿ ಕೊಳವೆಯ ಬಾಯಿಗೆ ಕಿವಿಯಿಟ್ಟಳು.

"ಕೇಳುಸ್ತದಾ ನಿಂಗೆ?" ಎಂದಳು.

"ನೆಲ ನೀರ್ ಕುಡೀತದೆ ಕಣವ್ವ."

"ಊ. ಅಂಗೇ ಅನ್ಕೋ."

ದೀಪ ಎದ್ದಳು. ಕಾಲು ಒರೆಸಿಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿ, ಯಾರ ಮುಖವನ್ನೂ ನೋಡದೆ ಕೋಣೆಯೊಳಗೆ ಹೋದಳು. ಬೀರುವಿನ ಬಾಗಿಲು ಕಿರ್ರೆಂದದ್ದು ಹಿತ್ತಲಿಗೆ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಮುದುಕಿ ಕೊಡ ಹಿಡಿದಂತೆಯೇ ನಿಂತಳು, ಪುಟ್ಟಬಸಪ್ಪ ಕಂಬ ಹಿಡಿದು ನಿಂತ, ಕೆಂಪನಂಜಪ್ಪನ ಕೈ ಮೇನ್ ಸ್ವಿಚ್ಚಿನ ಮೇಲಿತ್ತು.

"ಅಮ್ಮೋರೇ, ಹಬ್ ಆಫ್ ಮಾಡಿ ಆನ್ ಮಾಡ್ದೆ" ಎಂದಳು ದೀಪ ಒಳಗಿನಿಂದ. "ಕಾಪಿಗಿಡಿ, ಬತ್ತೀನಿ. ಅಣ್ಣಂಗೂ ಮಡಗಿ."